ಮುರುಗೇಶಪ್ಪನವರು ಇಂಟರ್ನೆಟ್ ಓದಿದ ಮಳೆಗಾಲ

ಹೋದ ತಿಂಗಳು ಹರಿಹರದ ಒಂದು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹಿಂದೆ ಕೂತಿದ್ದ ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಕಂಪ್ಯೂಟರಿನ ಕಡೆ ಮುಖವನ್ನೂ ಮಾಡದೆ ನನ್ನ ಕೆಲಸ ಮುಗಿಸಿದಳು. ಅವಳಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಪಾಸ್‌ಬುಕ್ ವಾಪಸ್ಸು ಕೊಡುವಾಗ. ಇಯರ್‌ಫೋನ್ ಒಂದು ಕಿವಿಯಿಂದ ಜಾರಿತು. ಒಳಗಿನ ದನಿ ನನಗೂ ಕೇಳಿಸಿತು: ಮೊರದಿಂದ ಕಾಳು ಸುರಿದ ಹಾಗೆ, ಉಸಿರು ತೆಗೆದುಕೊಳ್ಳದೆ ಓಡುವ ಇಂಗ್ಲಿಷ್. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಆ ವೇಗ ನನಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂದು ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ದಾವಣಗೆರೆಯ ಎರಡು ಬಸ್ಸುಗಳು ಹೋದವು, ನಾನು ಏಳಲಿಲ್ಲ.

ಅದು ತೊಂಬತ್ತೊಂಬತ್ತರ ಮಳೆಗಾಲ. ನನಗೆ ಇಪ್ಪತ್ತಮೂರು. ದಾವಣಗೆರೆಯ ಮಂಡಿಪೇಟೆ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕೊಟ್ರೇಶಪ್ಪ ಎಂಬವರ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಮೊದಲು ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಟೈಪ್‌ರೈಟರುಗಳು ಒಂದು ಗೋಡೆಗೆ ಸರಿದು, ಎದುರು ಗೋಡೆಗೆ ಆರು ಕಂಪ್ಯೂಟರು ಬಂದಿದ್ದವು. ಆ ಬೇಸಿಗೆಯಲ್ಲಷ್ಟೇ ಇಂಟರ್ನೆಟ್ ಬಂದಿತ್ತು. ಕೊಟ್ರೇಶಪ್ಪ ಹಳದಿ ಬಣ್ಣದ ದೊಡ್ಡ ಬೋರ್ಡು ಬರೆಸಿ ಹಾಕಿಸಿದ್ದರು. ಊರಿನಲ್ಲಿ ಇಂಟರ್ನೆಟ್ ಬಲ್ಲವರು ಹತ್ತಾರು ಜನ ಇದ್ದಿರಬಹುದು, ಅವರಲ್ಲಿ ನಾನೂ ಒಬ್ಬಳು ಎಂಬ ಬಿಗುಮಾನ ನನಗಿತ್ತು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು. ನಲವತ್ತು ದಾಟಿದ, ಇಸ್ತ್ರಿ ಅಂಗಿಯ ಒಬ್ಬರು ಬಾಗಿಲಲ್ಲಿ ನಿಂತು ಕೊಡೆ ಮಡಚಿದರು. ಕೈಯಲ್ಲಿ ಬಿಳಿ ಕೋಲು. ಸಹಾಯ ಕೇಳಲು ಬಂದವರೆಂದುಕೊಂಡು ಕೊಟ್ರೇಶಪ್ಪ ಜೇಬಿಗೆ ಕೈ ಹಾಕಿದರು. ಬಂದವರು ಬ್ಯಾಚು ಎಷ್ಟು ಗಂಟೆಗೆ ಎಂದು ಕೇಳಿದರು.

ಹೆಸರು ಮುರುಗೇಶಪ್ಪ. ಊರು ಭಾನುವಳ್ಳಿ, ಇರುವುದು ಹರಿಹರದಲ್ಲಿ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಅಂಧರ ಶಾಲೆಯಲ್ಲಿ ಬ್ರೈಲ್, ಇಂಗ್ಲಿಷು, ಟೈಪಿಂಗು ಕಲಿತಿದ್ದರು. ಗುತ್ತೂರಿನ ಹತ್ತಿರದ ಒಂದು ದೊಡ್ಡ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟೆಲಿಫೋನ್ ಆಪರೇಟರ್.

“ಇಂಟರ್ನೆಟ್ ಕಲಿಸ್ತೀವಿ ಅಂತ ಬೋರ್ಡ್ ಹಾಕೀರಂತೆ. ನನಗೂ ಕಲಿಸ್ತೀರಾ ಮೇಡಂ?”

“ಅದು ನೋಡೋ ಕೆಲಸ ಸರ್,” ಎಂದೆ, ಆದಷ್ಟು ಮೆತ್ತಗೆ.

“ನೋಡೋ ಕೆಲಸವೋ, ಓದೋ ಕೆಲಸವೋ?”

ನಾನು ಒಂದು ಕುರ್ಚಿ ಎಳೆದು ಕೊಟ್ಟೆ. ಇಂಟರ್ನೆಟ್ಟಿನಲ್ಲಿ ನಾನು ಅಲ್ಲಿಯವರೆಗೆ ಮಾಡಿದ್ದೆಲ್ಲ ಹೆಚ್ಚುಕಡಿಮೆ ಓದುವ ಕೆಲಸವೇ ಆಗಿತ್ತು.

ಅವರು ಕೂತು ವಿಷಯ ಹೇಳಿದರು. ಕಾರ್ಖಾನೆಗೆ ದಸರಾ ಹೊತ್ತಿಗೆ ಹೊಸ ಎಕ್ಸ್‌ಚೇಂಜ್ ಬರಲಿತ್ತು. ಹೊರಗಿನವರು ಯಾರಿಗೆ ಬೇಕೋ ಅವರಿಗೆ ನೇರವಾಗಿ ಫೋನ್ ಮಾಡಬಹುದು; ನಡುವೆ ಆಪರೇಟರ್ ಬೇಡ. ಆಡಳಿತದವರು ಅವರನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ. ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸುತ್ತೇವೆ ಎಂದಿದ್ದರು.

“ಸಂಬಳ ಕೊಡ್ತಾರಂತೆ, ಕೆಲಸ ಕೊಡಲ್ಲಂತೆ. ಇನ್ನೂ ಹದಿನೈದು ವರ್ಷ ಸರ್ವೀಸ್ ಐತೆ. ಸುಮ್ನೆ ಕೂಡ್ರು ಅಂದ್ರೆ ಹೆಂಗೆ ಕೂಡ್ಲಿ?”

ಅದೇ ಕಾರ್ಖಾನೆಯ ಖರೀದಿ ವಿಭಾಗಕ್ಕೆ ಹೊಸದಾಗಿ ಇಂಟರ್ನೆಟ್ ಬಂದಿತ್ತು. ಹಳೆಯ ವಿದೇಶಿ ಯಂತ್ರಗಳ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಹುಡುಕಿ, ಬರೆದು ವಿಚಾರಿಸುವವರು ಒಬ್ಬರು ಬೇಕಿದ್ದರು. ಮುರುಗೇಶಪ್ಪನವರು ಜನರಲ್ ಮ್ಯಾನೇಜರ್ ಹತ್ತಿರ ಹೋಗಿ ಆ ಕೆಲಸ ತಮಗೆ ಕೊಡಿ ಎಂದು ಕೇಳಿದ್ದರು. ಪಕ್ಕದಲ್ಲಿದ್ದ ಗುಮಾಸ್ತರು ನಕ್ಕರಂತೆ. ಮ್ಯಾನೇಜರ್ ನಗಲಿಲ್ಲ. ದಸರಾ ಒಳಗೆ ಮಾಡಿ ತೋರಿಸಿ ಎಂದಿದ್ದರು.

ಕುರುಡರಿಗೆ ಕಂಪ್ಯೂಟರ್ ಓದಿ ಹೇಳುವ ತಂತ್ರಾಂಶಗಳು ಹೊರದೇಶದಲ್ಲಿವೆ ಎಂದು ಹುಡುಕಿದಾಗ ತಿಳಿಯಿತು. ಅವು ನಮ್ಮ ಕೈಗೆ ಎಟುಕುವಂಥವಾಗಿರಲಿಲ್ಲ. ಆದರೆ ನಮ್ಮದೊಂದು ಹಳೆಯ ಸೌಂಡ್ ಕಾರ್ಡಿನ ಜೊತೆಗೆ ಬಂದಿದ್ದ ಡಿಸ್ಕಿನಲ್ಲಿ, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಹೇಳುವ ಒಂದು ಪುಟ್ಟ ತಂತ್ರಾಂಶ ಇತ್ತು. ಮಕ್ಕಳ ಹೆಸರು ಟೈಪ್ ಮಾಡಿ ಹೇಳಿಸಿ ನಗಿಸುವುದಕ್ಕೆ ಮಾತ್ರ ನಾವು ಅದನ್ನು ಬಳಸುತ್ತಿದ್ದೆವು. ಇಂಟರ್ನೆಟ್ಟಿನ ಪುಟ ತರಿಸಿಕೊಂಡು, ಅದರ ಬಣ್ಣ, ಗೆರೆ, ಅಲಂಕಾರ ಎಲ್ಲ ಸೋಸಿ, ಬರಹವನ್ನಷ್ಟೇ ಆ ದನಿಗೆ ಒಪ್ಪಿಸಿದರೆ? ಅಂಥದೊಂದು ಬ್ರೌಸರನ್ನು ನಾನೇ ಬರೆಯುತ್ತೇನೆ ಎಂದು ಕೊಟ್ರೇಶಪ್ಪನವರಿಗೆ ಹೇಳಿದೆ. ಅವರು, ಕಿಟಕಿ ಪಕ್ಕದ ಯಂತ್ರ ನಿನಗೇ ಇರಲಿ, ಪಾಠ ಮಾತ್ರ ತಪ್ಪಿಸಬೇಡ ಎಂದರು.

ಮೂರು ವಾರದಲ್ಲಿ ಸಿದ್ಧವಾಯಿತು. ಮುರುಗೇಶಪ್ಪನವರು ಮೊದಲ ಪಾಳಿ ಮುಗಿಸಿ, ಎರಡೂವರೆಯ ಬಸ್ಸಿಗೆ ಬಂದರು. ಟೆಲಿಫೋನಿನ ಚರಿತ್ರೆ ಬರೆದಿದ್ದ ಒಂದು ಪುಟ ಹುಡುಕಿ ಇಟ್ಟಿದ್ದೆ. ಗುಂಡಿ ಒತ್ತಿದೆ. ಮೂಗು ಕಟ್ಟಿದವನ ಹಾಗಿನ ದನಿಯಲ್ಲಿ ಯಂತ್ರ ಓದತೊಡಗಿತು. ಆ ದನಿ ಕೇಳಿ ಟೈಪಿಂಗ್ ಕಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ನನಗೆ ಎದೆ ಉಬ್ಬಿತು. ಮುರುಗೇಶಪ್ಪನವರು ನಾಲ್ಕೈದು ನಿಮಿಷ ತಲೆ ಬಾಗಿಸಿ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

“ಇದನ್ನ ನಿಲ್ಲಿಸೋದು ಹೆಂಗೆ ಮೇಡಂ?”

ನಿಲ್ಲಿಸುವುದಕ್ಕೆ ನಾನು ಏನನ್ನೂ ಇಟ್ಟಿರಲಿಲ್ಲ. ಕೊನೆಗೆ ಸ್ಪೀಕರಿನ ಸ್ವಿಚ್ಚು ಆರಿಸಿದೆ.

“ಪೇಪರ್ ಕೈಗೆ ತಗಂಡ್ರೆ ನೀವು ಮೊದಲ್ನೇ ಅಕ್ಷರದಿಂದ ಕೊನೇ ಅಕ್ಷರದ ತನಕ ಓದ್ತೀರಾ? ದಪ್ಪಕ್ಷರ ನೋಡ್ತೀರಿ, ಬ್ಯಾಡಾದ್ದು ಬಿಡ್ತೀರಿ, ಬೇಕಾದಲ್ಲಿಗೆ ಜಿಗೀತೀರಿ. ಅದು ನನಗೂ ಬೇಕು.”

ನಾನು ಮಾಡಿದ್ದು ಒಂದು ರೇಡಿಯೋ. ಅವರಿಗೆ ಬೇಕಿದ್ದದ್ದು ಓದು. ಇದು ನನಗೆ ಆ ಮಧ್ಯಾಹ್ನ ಮನಸ್ಸಿಗೆ ಹತ್ತಿತು. ಬರೆದದ್ದರಲ್ಲಿ ಅರ್ಧ ಅಳಿಸಿ ಮತ್ತೆ ಶುರು ಮಾಡಿದೆ.

ಜುಲೈ, ಆಗಸ್ಟು ಹಾಗೇ ಕಳೆದವು. ದಾವಣಗೆರೆಯಲ್ಲಿ ಮಳೆ ದೊಡ್ಡದಾಗಿ ಬರುವುದಿಲ್ಲ. ಮೋಡ ಮುಚ್ಚಿಕೊಂಡು, ಗಾಳಿ ಬೀಸಿ, ಎರೆಮಣ್ಣು ಚಪ್ಪಲಿಗೆ ಮೆತ್ತುವಷ್ಟು ಸುರಿದು ನಿಲ್ಲುತ್ತದೆ. ಹರಿಹರದಲ್ಲಿ ಮಾತ್ರ ಹೊಳೆ ದಿನದಿನಕ್ಕೆ ಕೆಂಪಗೆ ತುಂಬುತ್ತಿತ್ತು. ಗುರುವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಅವರು ಬರುತ್ತಿದ್ದರು. ಕೆಳಗಿನಿಂದ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತರಿಸುತ್ತಿದ್ದೆವು. ಕೀಬೋರ್ಡಿಗೆ ಎಣ್ಣೆ ಆಗಬಾರದೆಂದು ಮೊದಲು ತಿಂದು ಕೈ ತೊಳೆದು ಕೂರುತ್ತಿದ್ದೆವು. ಟೈಪಿಂಗಿನಲ್ಲಿ ಅವರ ವೇಗ ಕಂಡು ಕೊಟ್ರೇಶಪ್ಪ ತಮ್ಮ ವಿದ್ಯಾರ್ಥಿಗಳನ್ನು ಕರೆದು ನಿಲ್ಲಿಸಿ ತೋರಿಸಿದರು.

ಒಂದು ಕೀ ಒತ್ತಿದರೆ ಪುಟದ ತಲೆಬರಹಗಳು ಮಾತ್ರ. ಇನ್ನೊಂದಕ್ಕೆ ಲಿಂಕುಗಳು ಮಾತ್ರ. ಯಾವ ಕೀ ಒತ್ತಿದರೂ ದನಿ ಮೊದಲು ಬಾಯಿ ಮುಚ್ಚಬೇಕು. ಕೋಷ್ಟಕ ಬಂದರೆ ಬರೀ ಅಂಕಿ ಹೇಳಿದರೆ ಸಾಲದು, ಆ ಅಂಕಿ ಯಾವ ಸಾಲಿನದು, ಯಾವ ಶೀರ್ಷಿಕೆಯ ಕೆಳಗಿನದು ಎಂದೂ ಹೇಳಬೇಕು. ಇವೆಲ್ಲ ಅವರು ಹೇಳಿದ್ದು, ನಾನು ಬರೆದದ್ದು. ದನಿಯ ವೇಗವನ್ನೂ ಅವರು ವಾರವಾರಕ್ಕೆ ಏರಿಸುತ್ತ ಹೋದರು. ಆಗಸ್ಟ್ ಹೊತ್ತಿಗೆ ಅದು ಹೇಳುವುದು ನನಗೆ ತಿಳಿಯುವುದೇ ನಿಂತುಹೋಯಿತು. ಅವರು ಎಲ್ಲಾದರೂ ಸಿಕ್ಕಿಕೊಂಡಾಗ ನಾನು ಸ್ಕ್ರೀನ್ ನೋಡಿ, ಅದು ಅಲ್ಲಿದೆ ಸರ್, ಎರಡು ಸಲ ಕೆಳಗೆ ಹೋಗಿ ಎಂದು ಹೇಳಿಬಿಡುತ್ತಿದ್ದೆ. ಒಂದು ಗುರುವಾರ ಅವರು ಕೈ ಕಟ್ಟಿ ಕೂತರು.

“ಶೈಲಮ್ಮ, ಆ ಸ್ಕ್ರೀನ್ ಆರಿಸಿಬಿಡ್ರಿ. ನೀವು ನೋಡ್ಕೊಂಡು ಹೇಳಿಕೊಟ್ರೆ, ಓದಿದ್ದು ನೀವು, ನಾನಲ್ಲ.”

ಅವತ್ತಿನಿಂದ ನಾವು ಸ್ಕ್ರೀನ್ ಆರಿಸಿಯೇ ಕೆಲಸ ಮಾಡಿದೆವು. ಬ್ರೌಸರಿನ ತಪ್ಪುಗಳು ಸಿಗತೊಡಗಿದ್ದು ಆಮೇಲೆಯೇ.

ಒಂದು ಸಲ ಮಾತ್ರ ನಾನು ಸೋತೆ. ಕನ್ನಡ ಪೇಪರ್ ಓದಿಸಿ ಎಂದು ಆಸೆಯಿಂದ ಕೇಳಿದರು. ಆಗ ಇಂಟರ್ನೆಟ್ಟಿನಲ್ಲಿ ಕನ್ನಡ ಒಂದೊಂದು ಕಡೆ ಒಂದೊಂದು ಫಾಂಟಿನಲ್ಲಿತ್ತು. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಯಂತ್ರ ಏನೇನೋ ಗೊಣಗಿತು. ಅವರು ಸ್ವಲ್ಪ ಹೊತ್ತು ಕೇಳಿ, ಇರಲಿ, ಅದಕ್ಕೂ ಕಾಲ ಬರುತ್ತದೆ ಎಂದು ಮುಂದಿನ ಪುಟಕ್ಕೆ ಹೋದರು.

ಜಗಳವಾದದ್ದು ಚಿತ್ರಗಳ ವಿಷಯಕ್ಕೆ. ಪುಟ ಮಾಡುವವರು ಒಂದು ಚಿತ್ರ ಹಾಕಿದರೆ, ಅದರ ಹಿಂದೆ ಅದೇನೆಂದು ನಾಲ್ಕು ಪದ ಬರೆದಿಡಬಹುದು. ಬಹಳ ಜನ ಬರೆಯುತ್ತಿರಲಿಲ್ಲ. ಅಂಥಲ್ಲಿ ನಮ್ಮ ಬ್ರೌಸರ್ ಬರೀ ‘ಇಮೇಜ್’ ಎನ್ನುತ್ತಿತ್ತು. ಚಿತ್ರದ ಫೈಲಿನ ಹೆಸರು, ಅದರ ಲಿಂಕು ಹೋಗುವ ವಿಳಾಸ, ಅವನ್ನಾದರೂ ಹೇಳಲಿ ಎಂದು ಮುರುಗೇಶಪ್ಪನವರು ಪಟ್ಟು ಹಿಡಿದರು. ಅದು ಕಸ ಸರ್, ಚುಕ್ಕೆ, ಗೀಟು, ಅಂಕಿ, ಕೇಳಿದರೆ ತಲೆನೋವು ಎಂದು ನಾನು ಒಪ್ಪಲಿಲ್ಲ. ಕಸವೋ ಅಲ್ಲವೋ ಕೇಳಿಯಾದ ಮೇಲೆ ಹೇಳುತ್ತೇನೆ ಎಂದರು. ಎರಡು ವಾರ ನಾನು ಅದನ್ನು ಬರೆಯದೆ ಮುಂದೂಡಿದೆ.

ಆ ನಡುವೆ ಒಂದು ಭಾನುವಾರ ತಮ್ಮ ಮನೆಗೆ ಊಟಕ್ಕೆ ಕರೆದರು. ಹರಿಹರದ ಕೋಟೆ ಕಡೆಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಗೌರಮ್ಮ ಹೊಲಿಗೆ ಕೆಲಸ ಮಾಡುತ್ತಿದ್ದರು. ರೊಟ್ಟಿ, ಕಾಳುಪಲ್ಯ ಬಡಿಸಿ, ಮುರುಗೇಶಪ್ಪನವರು ಕೈ ತೊಳೆಯಲು ಹೊರಗೆ ಹೋದಾಗ, ನನ್ನ ಪಕ್ಕ ಬಂದು ಕೂತರು. ಮದುವೆಯಾದಾಗಿನಿಂದ ಸಂಜೆ ಗಂಡನಿಗೆ ಪೇಪರ್ ಓದಿ ಹೇಳುವುದು ಅವರ ಕೆಲಸವಂತೆ.

“ಒಂದ್ಮಾತು ಹೇಳ್ತೀನಿ, ನಾನು ಹೇಳ್ದೆ ಅಂತ ಅವ್ರಿಗೆ ಹೇಳಬ್ಯಾಡ್ರಿ,” ಎಂದರು. “ಎಲ್ಲಾದ್ರೂ ಮಿಲ್ ಮುಚ್ಚಿದ್ದು, ಫ್ಯಾಕ್ಟರೀಲಿ ಜನ ತೆಗೆದಿದ್ದು ಪೇಪರ್‌ನಾಗೆ ಬಂದ್ರೆ, ನಾನು ಬಿಟ್ಟು ಓದ್ತಿದ್ದೆ. ಮನಸ್ಸಿಗೆ ಹಚ್ಕಂತಾರೆ ಅಂತ. ಹೊಸ ಎಕ್ಸ್‌ಚೇಂಜ್ ಬರೋದೂ ಒಂದ್ಸಲ ಫ್ಯಾಕ್ಟರಿಯೋರು ಚೀಟಿಯಾಗೆ ಬರೆದು ಕಳಿಸಿದ್ರು. ಓದ್ಲಿಲ್ಲ.”

“ಅವರಿಗೆ ಗೊತ್ತಾಯ್ತಾ?”

“ಗೊತ್ತಾಗದೇ ಏನ್ರಿ. ಬಿಡೋ ಜಾಗದಾಗೆ ನನ್ನ ಉಸಿರು ಬದಲಾಗ್ತದಂತೆ. ಇಷ್ಟು ವರ್ಷ ಒಂದಿನಾನೂ ಕೇಳ್ಲಿಲ್ಲ. ಈ ಸಲ ಮಾತ್ರ ಅಂದ್ರು, ಗೌರಾ, ನೀನು ಓದೋದು ಬ್ಯಾಡ ಅಂತಲ್ಲ, ಬಿಡೋದು ಏನಿದ್ರೂ ನಾನು ಬಿಡ್ತೀನಿ ಅಂತ.”

ವಾಪಸ್ಸು ಬಸ್ಸಿನಲ್ಲಿ ಬರುವಾಗ ನನಗೆ ಆ ಚಿತ್ರಗಳ ಜಗಳ ನೆನಪಾಯಿತು. ಗೌರಮ್ಮನವರು ಪ್ರೀತಿಯಿಂದ ಬಿಟ್ಟಿದ್ದರು. ನಾನು ಜಾಣತನದಿಂದ ಬಿಟ್ಟಿದ್ದೆ. ಎರಡೂ ಒಂದೇ. ಅವರಿಗೆ ಏನು ಬೇಕು, ಏನು ಬೇಡ ಎಂದು ನಾನು ಯಾರು ತೀರ್ಮಾನ ಮಾಡುವುದಕ್ಕೆ? ಸೋಮವಾರ ಬೆಳಿಗ್ಗೆ ಪಾಠಕ್ಕೆ ಮೊದಲೇ ಬಂದು ಕೂತು ಅವರು ಕೇಳಿದ ಕೀ ಬರೆದೆ. ಒತ್ತಿದರೆ ಚಿತ್ರದ ಹೆಸರು, ಮತ್ತೊಮ್ಮೆ ಒತ್ತಿದರೆ ಲಿಂಕಿನ ಪೂರ್ತಿ ವಿಳಾಸ, ಚುಕ್ಕೆ ಗೀಟು ಸಮೇತ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಕಾರ್ಖಾನೆಯಲ್ಲಿ ಪರೀಕ್ಷೆ. ಬೆಳಿಗ್ಗೆಯಿಂದ ಜಡಿಮಳೆ. ನಾನು, ಕೊಟ್ರೇಶಪ್ಪ ಕಂಪ್ಯೂಟರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಟೋದಲ್ಲಿ ಗುತ್ತೂರಿಗೆ ಹೋದೆವು. ದಾರಿಯಲ್ಲಿ ಕೊಟ್ರೇಶಪ್ಪ ಒಂದು ಉಪಾಯ ಹೇಳಿದರು: ಈ ಮಳೆಯಲ್ಲಿ ಲೈನ್ ಸಿಗುವುದು ಅನುಮಾನ, ನಾಲ್ಕು ಪುಟ ಮೊದಲೇ ತುಂಬಿಸಿಕೊಂಡು ಬಂದಿದ್ದೇವಲ್ಲ, ಅವನ್ನೇ ಓದಿಸೋಣ, ಅವರಿಗೇನು ಗೊತ್ತಾಗುತ್ತದೆ? ನನಗೂ ಅದು ಸರಿ ಎನ್ನಿಸಿತು. ಗೇಟಿನಲ್ಲಿ ಕಾಯುತ್ತಿದ್ದ ಮುರುಗೇಶಪ್ಪನವರಿಗೆ ಹೇಳಿದೆ.

“ಬ್ಯಾಡ. ನಾಳೆ ಆ ಕುರ್ಚಿ ಮೇಲೆ ಕೂತ್ಕಳೋನು ನಾನು. ನಾಳೆ ಬರದೇ ಇರೋದನ್ನ ಇವತ್ತು ತೋರಿಸಬಾರದು.”

ಖರೀದಿ ವಿಭಾಗದ ಕೋಣೆಯಲ್ಲಿ ಮ್ಯಾನೇಜರು, ಗುಮಾಸ್ತರು, ಇನ್ನೂ ಏಳೆಂಟು ಜನ ಸೇರಿದ್ದರು. ಇಂಟರ್ನೆಟ್ಟಿಗೆ ಕರೆ ಮಾಡುವ ಪೆಟ್ಟಿಗೆ, ಮೋಡೆಮ್ಮನ್ನು, ಫೋನ್ ಲೈನಿಗೆ ಸಿಕ್ಕಿಸಿದೆ. ಅದು ಕೀಚಲು ದನಿ ಹೊರಡಿಸಿ, ಕೆಮ್ಮಿ, ಸುಮ್ಮನಾಯಿತು. ಎರಡನೇ ಸಲವೂ ಹಾಗೇ. ಗುಮಾಸ್ತರು ಗಡಿಯಾರ ನೋಡಿದರು.

ಮುರುಗೇಶಪ್ಪನವರು ತಲೆ ಓರೆ ಮಾಡಿ ಕೇಳುತ್ತಿದ್ದರು. ಇದು ಎರಡನೇ ಲೈನು, ಇದರ ಕೇಬಲಿಗೆ ಪ್ರತಿ ಮಳೆಗಾಲದಲ್ಲೂ ನೀರು ಇಳಿಯುತ್ತದೆ, ಹಿಂದೆ ಗರಗರ ಕೇಳಿಸುತ್ತಿದೆ ಎಂದರು. ಐದನೇ ಲೈನು ಬೇರೆ ಕಡೆಯಿಂದ ಬಂದಿದೆ, ಅದನ್ನು ಈ ಕೋಣೆಗೆ ಕೊಡುತ್ತೇನೆ ಎಂದು ಎದ್ದು, ಕೋಲು ಸಹ ತೆಗೆದುಕೊಳ್ಳದೆ, ಕಾರಿಡಾರಿನ ಕೊನೆಯ ತಮ್ಮ ಟೆಲಿಫೋನ್ ಬೋರ್ಡಿಗೆ ಹೋದರು. ಎರಡು ನಿಮಿಷದಲ್ಲಿ ಬಂದು ಕೂತರು. ಮತ್ತೆ ಮೋಡೆಮ್ ಕೂಗಿತು. ಅರ್ಧದಲ್ಲೇ ಅವರು ಈಗ ಹಿಡಿಯಿತು ಎಂದರು. ಹಿಡಿದಿತ್ತು.

ಮ್ಯಾನೇಜರು ಒಂದು ಚೀಟಿಯಿಂದ ವಿಳಾಸ ಓದಿ ಹೇಳಿದರು. ಜರ್ಮನಿಯ ಒಂದು ಕಂಪನಿ. ಅವರಲ್ಲಿ ನಮ್ಮ ಹಳೆಯ ಗ್ರೈಂಡಿಂಗ್ ಯಂತ್ರದ ಸ್ಪಿಂಡಲ್ ಬೇರಿಂಗ್ ಸಿಗುತ್ತದೆಯೇ, ಸಿಕ್ಕರೆ ಕಳಿಸಲು ಎಷ್ಟು ದಿನ, ನೋಡಿ ಹೇಳಿ ಎಂದರು. ಮುರುಗೇಶಪ್ಪನವರು ಟೈಪ್ ಮಾಡಿದರು. ಪುಟ ನಿಧಾನವಾಗಿ ಬಂತು. ದನಿ ಶುರುವಾಯಿತು.

‘ಇಮೇಜ್. ಇಮೇಜ್. ಇಮೇಜ್. ಇಮೇಜ್.’

ಆ ಪುಟದಲ್ಲಿ ಬರಹವೇ ಇರಲಿಲ್ಲ. ಮೆನುವೆಲ್ಲ ಚಿತ್ರ, ಹಿಂದೆ ಒಂದು ಪದವೂ ಇಲ್ಲ. ಸ್ಕ್ರೀನಿನಲ್ಲಿ ನನಗೆ ಎಲ್ಲ ಕಾಣುತ್ತಿತ್ತು. ಎಡಗಡೆ ಕೆಳಗಿನಿಂದ ಎರಡನೆಯದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಗುಮಾಸ್ತರು ಮೆಲ್ಲಗೆ, ಇದಕ್ಕೇ ನಾನು ಹೇಳಿದ್ದು ಎಂದರು.

ಮುರುಗೇಶಪ್ಪನವರ ಬೆರಳು ಆ ಹೊಸ ಕೀ ಮೇಲೆ ಹೋಯಿತು. ದನಿ ಚುಕ್ಕೆ, ಗೀಟು, ಅಂಕಿಗಳನ್ನು ಒದರತೊಡಗಿತು. ಅವರು ಒಂದೊಂದನ್ನೂ ಕೇಳಿ ದಾಟುತ್ತ ಹೋದರು. ಆರನೆಯದೋ ಏಳನೆಯದೋ ವಿಳಾಸದ ಬಾಲದಲ್ಲಿ ಆ ಕಸದ ನಡುವೆ ‘ಸ್ಪಿಂಡಲ್’ ಎಂಬ ಪದ ಇತ್ತು. ಅವರು ಒತ್ತಿದರು. ಒಳಗೆ ದೊಡ್ಡ ಕೋಷ್ಟಕ. ಸಾಲು ಇಳಿಯುತ್ತ, ಶೀರ್ಷಿಕೆ ಕೇಳುತ್ತ, ಯಂತ್ರದ ಮಾಡೆಲ್ ನಂಬರಿಗೆ ಬಂದು ನಿಂತರು. ಆ ವೇಗದಲ್ಲಿ ದನಿ ಏನು ಹೇಳುತ್ತಿದೆ ಎಂದು ಕೋಣೆಯಲ್ಲಿ ಅವರೊಬ್ಬರಿಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ.

“ಸಿಗ್ತದೆ ಸರ್. ಆರ್ಡರ್ ಮುಟ್ಟಿ ಆರು ವಾರಕ್ಕೆ ಕಳಿಸ್ತಾರೆ. ಆದ್ರೆ ಹಳೇ ಮಾಡೆಲಿಗೆ ಒಂದು ರಿಂಗ್ ಬೇರೆ ತಗಬೇಕಂತೆ, ಕೆಳಗೆ ಸಣ್ಣಕ್ಷರದಾಗೆ ಬರ್ದಾರೆ. ಅದನ್ನ ಬಿಟ್ರೆ ಬೇರಿಂಗ್ ಬಂದೂ ಉಪಯೋಗ ಆಗಲ್ಲ.”

ಮ್ಯಾನೇಜರು ಬಗ್ಗಿ ಸ್ಕ್ರೀನ್ ನೋಡಿದರು. ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ನೋಡಿದರು. ಅಷ್ಟು ಹೊತ್ತಾದ ಮೇಲೆ ಆ ಸಣ್ಣ ಅಕ್ಷರ ಅವರಿಗೆ ಸಿಕ್ಕಿತು. ಗುಮಾಸ್ತರ ಕಡೆ ತಿರುಗಿ, ಇವರಿಗೆ ಇಲ್ಲೇ ಒಂದು ಟೇಬಲ್ ಹಾಕಿಸಿ, ಕಿಟಕಿ ಪಕ್ಕ, ಬೆಳಕು ಚೆನ್ನಾಗಿದೆ ಎಂದರು.

“ಕಿಟಕಿ ಬ್ಯಾಡ ಸರ್,” ಎಂದರು ಮುರುಗೇಶಪ್ಪನವರು. “ಐದನೇ ಲೈನಿನ ಹತ್ರ ಹಾಕ್ಸಿರಿ.”

ಎಲ್ಲರಿಗಿಂತ ಮೊದಲು ನಕ್ಕವರು ಆ ಗುಮಾಸ್ತರೇ. ಟೇಬಲ್ ಹೊತ್ತು ತಂದವರಲ್ಲೂ ಅವರೊಬ್ಬರಿದ್ದರು.

ಕೆಲಸಕ್ಕೆ ಕೂತ ಮೊದಲ ವಾರವೇ ಮುರುಗೇಶಪ್ಪನವರು ಆ ಜರ್ಮನ್ ಕಂಪನಿಗೆ ಆರ್ಡರಿನ ಜೊತೆ ಇನ್ನೊಂದು ಕಾಗದ ಬರೆದರು. ನನಗೆ ಓದಿ ಹೇಳಿದ್ದರಿಂದ ಅದು ಇನ್ನೂ ನೆನಪಿದೆ. ನಿಮ್ಮ ಪುಟವನ್ನು ನಾನು ಕಿವಿಯಿಂದ ಓದುತ್ತೇನೆ. ನಿಮ್ಮ ಬಾಗಿಲುಗಳಿಗೆಲ್ಲ ಚಿತ್ರ ಅಂಟಿಸಿದ್ದೀರಿ, ಹೆಸರು ಬರೆದಿಲ್ಲ. ಪ್ರತಿ ಚಿತ್ರದ ಹಿಂದೆ ಎರಡು ಪದ ಬರೆದರೆ ಸಾಕು, ನನ್ನಂಥವರು ತಡಕಾಡದೆ ಒಳಗೆ ಬರುತ್ತೇವೆ. ಹೇಗೆ ಬರೆಯಬೇಕೆಂದು ಕೆಳಗೆ ಕೊಟ್ಟಿದ್ದೇನೆ. ಅಷ್ಟೇ. ಬೇಡಿಕೊಂಡಿರಲಿಲ್ಲ, ದೂರಿರಲಿಲ್ಲ. ದೊಡ್ಡ ಕಂಪನಿ, ಇದನ್ನೆಲ್ಲ ಯಾರು ಓದುತ್ತಾರೆ ಎಂದು ನಾನಂದೆ. ಹತ್ತೊಂಬತ್ತು ವರ್ಷ ಫೋನ್ ಎತ್ತಿದ್ದೇನೆ, ಕರೆ ಬಂದರೆ ಯಾರಾದರೂ ಒಬ್ಬರು ಎತ್ತಲೇಬೇಕು ಎಂದು ಅವರಂದರು.

ದೀಪಾವಳಿ ಕಳೆದು, ಮಳೆ ಪೂರ್ತಿ ನಿಂತು, ಹೊಳೆಯ ನೀರು ತಿಳಿಯಾಗಿದ್ದ ದಿನಗಳು. ಕೂಡಲೇ ಬನ್ನಿ ಎಂದು ಅವರಿಂದ ಫೋನ್ ಬಂತು. ಬ್ರೌಸರ್ ಕೆಟ್ಟಿತೇನೋ ಎಂದುಕೊಂಡು ಪಾಠವನ್ನು ಕೊಟ್ರೇಶಪ್ಪನವರಿಗೆ ಒಪ್ಪಿಸಿ ಬಸ್ ಹತ್ತಿದೆ. ನಾನು ಹೋದಾಗ ಅವರು ಸ್ಪೀಕರಿನ ದನಿಯನ್ನು ನನಗಾಗಿ ನಿಧಾನಕ್ಕೆ ಇಳಿಸಿ ಕಾಯುತ್ತಿದ್ದರು. ಜರ್ಮನಿಯಿಂದ ಉತ್ತರ ಬಂದಿತ್ತು. ಪುಟ ಮಾಡಿದವರೇ ಬರೆದಿದ್ದರು: ನಮ್ಮ ಪುಟವನ್ನು ಒಬ್ಬರು ಕೇಳಿಸಿಕೊಳ್ಳಬಹುದು ಎಂಬುದು ನಮಗೆ ಹೊಳೆದೇ ಇರಲಿಲ್ಲ, ಸರಿಪಡಿಸಿದ್ದೇವೆ, ದಯವಿಟ್ಟು ಪರೀಕ್ಷಿಸಿ ಹೇಳಿ.

ಅವರು ಪುಟ ತೆರೆದರು. ದನಿ ಒಂದೊಂದೇ ಹೇಳಿತು: ಕಂಪನಿಯ ಬಗ್ಗೆ. ಯಂತ್ರಗಳು. ಸ್ಪಿಂಡಲ್ ಮತ್ತು ಬೇರಿಂಗ್. ವಿಚಾರಣೆಗೆ. ಮೊದಲಿನಿಂದ ಕೊನೆಯವರೆಗೆ ಒಂದು ‘ಇಮೇಜ್’ ಕೂಡ ಬರಲಿಲ್ಲ. ಗುಮಾಸ್ತರು ಬರೆಯುವುದು ನಿಲ್ಲಿಸಿ ಕೇಳುತ್ತಿದ್ದರು. ನಾನು ಮುರುಗೇಶಪ್ಪನವರ ಮುಖ ನೋಡಿದೆ. ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ನಗಲೂ ಇಲ್ಲ. ಮನೆ ಕಟ್ಟಿದವರು ತಾರಸಿಗೆ ನೀರು ನಿಲ್ಲಿಸಿ ನೋಡುವ ಹಾಗೆ, ಎಲ್ಲವನ್ನೂ ಇನ್ನೊಂದು ಸಲ ಪೂರ್ತಿ ಓದಿಸಿ, ಸರಿಯಿದೆ ಎಂದರು.

ಟೇಬಲಿನ ಖಾನೆಯಿಂದ ಒಂದು ಬ್ರೈಲ್ ಹಾಳೆ ತೆಗೆದರು. ತಮಗೆ ಬಾಗಿಲು ಸಿಗದ ಕಂಪನಿಗಳ ಹೆಸರನ್ನೆಲ್ಲ ಅದರಲ್ಲಿ ಚುಚ್ಚಿ ಇಟ್ಟುಕೊಂಡಿದ್ದರು. ಹಾಳೆಯ ಎರಡೂ ಬದಿ ತುಂಬಿತ್ತು. ಎಡಗೈಯ ಬೆರಳನ್ನು ಎರಡನೇ ಸಾಲಿನ ಮೇಲೆ ಇಟ್ಟರು. ವಿಳಾಸ ನಾನು ಹಾಕಿಕೊಡುತ್ತೇನೆ ಎಂದು ಕೀಬೋರ್ಡಿನ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಅವರ ಬಲಗೈ ಅದನ್ನು ಟೈಪ್ ಮಾಡಿ ಮುಗಿಸಿತ್ತು.